ಪ್ರೈಮರಿಯಲ್ಲಿ ನಾವು ಗೆದ್ದೆವು, ಗೆಳತಿಯ ಕಡೆಯವರು ಸೋತರು. ಈಗ ಅವರ ಹತ್ತಿರ ಏನು ಮಾತಾಡಲಿ?

ಎಡಿಸನ್ ಕನ್ನಡತಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನಿರುವುದು ನ್ಯೂಜೆರ್ಸಿಯಲ್ಲಿ. ಸಿಟಿಜನ್ ಆದಮೇಲೆ ಒಂದು ಪ್ರೈಮರಿಯಲ್ಲಿ ಮನಸ್ಸಿಟ್ಟು ಕೆಲಸ ಮಾಡಿದ್ದು ಇದೇ ಮೊದಲು. 2025ರ ಜೂನ್ 10ಕ್ಕೆ ನಡೆದದ್ದು, ಗವರ್ನರ್ ಹುದ್ದೆಗೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅನ್ನುವ ಚುನಾವಣೆ. ಊರಲ್ಲಿ ಕೂತು ಓದುತ್ತಿರುವವರಿಗಾಗಿ ಒಂದು ಮಾತು: ಇಲ್ಲಿ ಟಿಕೆಟ್ ಯಾರಿಗೆ ಅಂತ ಹೈಕಮಾಂಡ್ ಹೇಳುವುದಿಲ್ಲ. ಪಕ್ಷದ ಮತದಾರರೇ ವೋಟು ಹಾಕಿ ಹೇಳುತ್ತಾರೆ. ಈ ಸಲ ಆರು ಜನ ನಿಂತಿದ್ದರು. ಮೊದಲೆಲ್ಲ ನಮ್ಮ ರಾಜ್ಯದಲ್ಲಿ ಕೌಂಟಿಯ (ನಮ್ಮೂರಿನ ಜಿಲ್ಲೆ ಇದ್ದ ಹಾಗೆ) ಪಕ್ಷದ ಮುಖಂಡರು ಒಪ್ಪಿದವರ ಹೆಸರುಗಳು ಬ್ಯಾಲೆಟ್‌ನಲ್ಲಿ ಒಂದೇ ಸಾಲಲ್ಲಿ ಎದ್ದು ಕಾಣುತ್ತಿದ್ದವು. 2024ರಲ್ಲಿ ಸೆನೆಟ್‌ಗೆ ನಿಂತಿದ್ದ ಆಂಡಿ ಕಿಮ್ ಕೋರ್ಟಿಗೆ ಹೋದಮೇಲೆ ಆ ಪದ್ಧತಿ ಬಿದ್ದುಹೋಯಿತು. ಹಾಗಾಗಿ ಎಲ್ಲರೂ ಬೆವರು ಸುರಿಸಿದರು.

ನಾನು ಮಿಕಿ ಶೆರಿಲ್ ಪರ. ನೌಕಾಪಡೆಯಲ್ಲಿ ಹೆಲಿಕಾಪ್ಟರ್ ಹಾರಿಸಿದವರು. 2018ರಲ್ಲಿ ರಿಪಬ್ಲಿಕನ್ನರ ಕೈಯಲ್ಲಿದ್ದ ಸೀಟು ಗೆದ್ದು ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಹೋದವರು. ನವೆಂಬರ್‌ನ ಮುಖ್ಯ ಚುನಾವಣೆಯಲ್ಲಿ ಗೆಲ್ಲುವ ಶಕ್ತಿ ಇವರಿಗೇ ಜಾಸ್ತಿ ಅಂತ ನನ್ನ ನಂಬಿಕೆ. ನಮ್ಮ ಬೀದಿಯಲ್ಲೇ ಇರುವ, ನಾನು ಅಕ್ಕ ಅಂತ ಕರೆಯುವ ಮೈಸೂರಿನವರೊಬ್ಬರು ನೂವರ್ಕ್ ಮೇಯರ್ ರಾಸ್ ಬರಾಕಾ ಪರ. ಮೇ ತಿಂಗಳಲ್ಲಿ ವಲಸಿಗರನ್ನು ಕೂಡಿಹಾಕುವ ಕೇಂದ್ರದ ಗೇಟಿನ ಹತ್ತಿರ ಬರಾಕಾ ಅವರನ್ನು ಬಂಧಿಸಿದರಲ್ಲ (ಆ ಕೇಸನ್ನು ಆಮೇಲೆ ಕೈಬಿಟ್ಟರು), ಅವತ್ತಿನಿಂದ ಅಕ್ಕ ಆಫೀಸು ಮುಗಿಸಿಕೊಂಡು ದಿನಾ ಸಂಜೆ ಮನೆಮನೆ ಬಾಗಿಲು ತಟ್ಟಿದರು. ಮಂಡಿ ನೋವು ಇಟ್ಟುಕೊಂಡೇ ತಟ್ಟಿದರು.

ಶೆರಿಲ್ ಗೆದ್ದರು. ಬರಾಕಾ ಎರಡನೆಯವರಾದರು. ಅವತ್ತು ರಾತ್ರಿಯೇ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು “ಈಗಲಾದರೂ ಕನಸು ಬಿಟ್ಟು ಎದ್ದೇಳಿ” ಅಂತ ಬರೆದು ನಗುವ ಎಮೋಜಿ ಹಾಕಿದರು. ಅಕ್ಕ ಗ್ರೂಪ್ ಬಿಟ್ಟುಹೋದರು. ನನ್ನ ಮೇಲೆ ಅವರಿಗೆ ಸಿಟ್ಟಿಲ್ಲ. ಎದುರು ಸಿಕ್ಕರೆ ನಗುತ್ತಾರೆ. ಆದರೆ ಮೊದಲಿನ ಮಾತಿಲ್ಲ.

ನವೆಂಬರ್ 4ಕ್ಕೆ ಅವರಂಥವರು ನಮಗೆ ಬೇಕೇ ಬೇಕು. ಅದಕ್ಕಿಂತ ಮೊದಲು ಅಕ್ಕ ನನಗೆ ಬೇಕು. ಗೆದ್ದ ಕಡೆಯವರು ಹೇಗೆ ನಡೆದುಕೊಂಡರೆ ಸರಿ? ಇಂಥದ್ದನ್ನು ಕಂಡವರು ದಯವಿಟ್ಟು ಹೇಳಿ.

ಡಲ್ಲಾಸ್ ಮಾವ

ಸುಮ್ನೆ ರಾಜಕೀಯದ ಮಾತೇ ಬೇಡ ಅಂತ ಬಿಟ್ಟುಬಿಡಿ ತಾಯಿ. ಮಕ್ಕಳು, ಅಡುಗೆ, ಊರು, ಮಾತಾಡಕ್ಕೆ ಬೇಕಾದಷ್ಟಿದೆ. ಎರಡು ತಿಂಗಳಲ್ಲಿ ಎಲ್ಲ ಸರಿಹೋಗುತ್ತೆ.

ಅಯೋವಾ ಅಕ್ಕ

ಮಾವನವರು ಒಳ್ಳೆ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ ನನಗೆ ಒಪ್ಪಿಗೆ ಇಲ್ಲ. ನಿಮ್ಮ ಅಕ್ಕ ಮಂಡಿ ನೋವಿನಲ್ಲಿ ಬಾಗಿಲು ತಟ್ಟಿದ್ದಾರೆ ಅಂತ ನೀವೇ ಬರೆದಿದ್ದೀರಿ. ಅದರ ಸುದ್ದಿಯನ್ನೇ ಎತ್ತದೆ ಅಡುಗೆಯ ಮಾತಾಡಿದರೆ, ಅವರು ಪಟ್ಟ ಶ್ರಮ ಲೆಕ್ಕಕ್ಕೇ ಇಲ್ಲ ಅಂದ ಹಾಗಾಗುತ್ತೆ. ಸೋತವರಿಗೆ ಸೋಲಿಗಿಂತ ಜಾಸ್ತಿ ನೋಯುವುದು ಅದು. ನಾನು ಸೋತ ಕಡೆ ನಿಂತವಳು, ಅದಕ್ಕೇ ಗೊತ್ತು.

ನಾನು ಹಾಸನ ಜಿಲ್ಲೆಯವಳು. ಅಯೋವಾ ರಾಜ್ಯದ ಡೆ ಮೊಯಿನ್ ಹತ್ತಿರ ಮನೆ ಮಾಡಿ ಬಹಳ ಕಾಲವಾಯಿತು. 2008ರಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಯಾರು ಅನ್ನುವ ಆಯ್ಕೆಯಲ್ಲಿ ನಾನು ಹಿಲರಿ ಕ್ಲಿಂಟನ್ ಪರ. ಪಕ್ಕದ ಮನೆಯಾಕೆ, ನಿವೃತ್ತ ಟೀಚರ್, ಒಬಾಮಾ ಪರ. ನಮ್ಮಿಬ್ಬರ ಅಂಗಳದಲ್ಲೂ ಬೋರ್ಡ್ ನೆಟ್ಟಿತ್ತು, ನಡುವೆ ಬೇಲಿಯೂ ಇರಲಿಲ್ಲ.

ಅಯೋವಾದಲ್ಲಿ ಆಗ ಡೆಮಾಕ್ರಟಿಕ್ ಪಕ್ಷದ ಕಾಕಸ್ (ಪ್ರೈಮರಿಯ ಬದಲು ಸಭೆ ಸೇರಿ ಅಭ್ಯರ್ಥಿ ಆರಿಸುವುದು) ಹೇಗೆ ನಡೆಯುತ್ತಿತ್ತು ಅಂತ ಸ್ವಲ್ಪ ಹೇಳಬೇಕು. ನಿಮ್ಮ ಪ್ರಶ್ನೆಗೆ ಉತ್ತರ ಅದರೊಳಗೇ ಇದೆ. ಅದು ಗುಟ್ಟಿನ ಮತದಾನ ಅಲ್ಲ. ಜನವರಿ 3, ಮೈ ಕೊರೆಯುವ ಚಳಿ. ಸಂಜೆ 7 ಗಂಟೆಗೆ ಶಾಲೆಯಲ್ಲೋ ಚರ್ಚಿನಲ್ಲೋ ಸೇರಬೇಕು. ನಮ್ಮ ಪ್ರಿಸಿಂಕ್ಟಿಗೆ (ಮತಗಟ್ಟೆಯ ವ್ಯಾಪ್ತಿ ಇದ್ದ ಹಾಗೆ) ಒಂದು ಪ್ರೈಮರಿ ಶಾಲೆಯ ಊಟದ ಹಾಲ್ ಕೊಟ್ಟಿದ್ದರು. ಮಕ್ಕಳ ಎತ್ತರದ ಮೇಜು, ಅದಕ್ಕೇ ಅಂಟಿಕೊಂಡ ಪುಟ್ಟ ಸ್ಟೂಲು. ಅವುಗಳ ಮೇಲೆ ದಪ್ಪ ಕೋಟು ಹಾಕಿಕೊಂಡ ದೊಡ್ಡವರೆಲ್ಲ ಮುದುಡಿ ಕೂತಿದ್ದರು. ಕೂತವರಿಗಿಂತ ನಿಂತವರೇ ಜಾಸ್ತಿ. ಆ ರಾತ್ರಿ ರಾಜ್ಯದಲ್ಲಿ 2 ಲಕ್ಷ 30 ಸಾವಿರಕ್ಕೂ ಹೆಚ್ಚು ಡೆಮಾಕ್ರಟರು ಬಂದಿದ್ದರು, 2004ಕ್ಕೆ ಹೋಲಿಸಿದರೆ ಹತ್ತಿರ ಹತ್ತಿರ ಎರಡರಷ್ಟು.

ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಮೂಲೆ. ನಿಮ್ಮ ಅಭ್ಯರ್ಥಿಯ ಮೂಲೆಗೆ ಹೋಗಿ ನಿಲ್ಲಬೇಕು, ಎಲ್ಲರ ಕಣ್ಣೆದುರು. ಪಕ್ಕದ ಮನೆಯವರು, ಮಕ್ಕಳ ಟೀಚರು, ಪೋಸ್ಟ್ ಹಂಚುವವರು, ಎಲ್ಲ ನೋಡುತ್ತಿರುತ್ತಾರೆ. ಆಮೇಲೆ ತಲೆ ಎಣಿಕೆ. ಒಬ್ಬೊಬ್ಬರೇ ಒಂದು, ಎರಡು, ಮೂರು ಅಂತ ಜೋರಾಗಿ ಹೇಳಿಕೊಂಡು ಹೋಗಬೇಕು. ಸಾಮಾನ್ಯವಾಗಿ ಶೇ. 15ರಷ್ಟು ಜನ ಇಲ್ಲದ ಗುಂಪು ಉಳಿಯುವುದಿಲ್ಲ. 200 ಜನ ಇದ್ದರೆ 30 ಜನರಾದರೂ ಬೇಕು. ಕಡಿಮೆ ಬಿದ್ದವರು ಬೇರೆ ಮೂಲೆಗೆ ಹೋಗಬಹುದು, ಇಲ್ಲವೇ ಮನೆಗೆ ಹೋಗಬಹುದು. ಆಗ ಶುರುವಾಗುವುದು ನಿಜವಾದ ಕಾಕಸ್. ಉಳಿದ ಗುಂಪಿನವರೆಲ್ಲ ಆ ಅನಾಥರ ಹತ್ತಿರ ಓಡಿಬರುತ್ತಾರೆ.

ನಮ್ಮ ಹಾಲಿನಲ್ಲಿ ಬಿಲ್ ರಿಚರ್ಡ್ಸನ್ ಗುಂಪಿಗೆ ಸಂಖ್ಯೆ ಸಾಲಲಿಲ್ಲ. ಅವರು ನ್ಯೂಮೆಕ್ಸಿಕೋ ಗವರ್ನರ್. ಆ ಮೂಲೆಯಲ್ಲಿ ವಯಸ್ಸಾದ ಗಂಡ ಹೆಂಡತಿ, ಒಂದಿಬ್ಬರು ಕಾಲೇಜು ಹುಡುಗರು, ಮತ್ತೆ ಕೆಲವರು. ನಮ್ಮ ಕಡೆಯಿಂದ ಒಬ್ಬ ಗಂಡಸು ಹೋದರು. ಹೋದವರೇ ಒಬಾಮಾಗೆ ಅನುಭವ ಸಾಲದು, ಅವರು ಗೆಲ್ಲಲ್ಲ, ಅದು ಸರಿಯಿಲ್ಲ, ಇದು ಸರಿಯಿಲ್ಲ ಅಂತ ಪಟ್ಟಿ ಓದಿದರು. ಪಕ್ಕದ ಮನೆ ಟೀಚರ್ ಕೂಡ ಅಲ್ಲಿಗೆ ಹೋದರು. ಆಕೆ ಆ ಮುದುಕಿಯ ಪಕ್ಕದ ಪುಟ್ಟ ಸ್ಟೂಲಿನ ಮೇಲೆ ಕೂತು, “ನಿಮಗೆ ರಿಚರ್ಡ್ಸನ್ ಯಾಕೆ ಇಷ್ಟ?” ಅಂತ ಕೇಳಿದರು. ಅಷ್ಟೇ. ಆ ಮುದುಕಿ ಇರಾಕ್‌ನಿಂದ ಸೈನ್ಯ ಪೂರ್ತಿ ವಾಪಸ್ ಬರಬೇಕು ಅನ್ನುವ ವಿಷಯ ಹೇಳಿದರು, ತಮ್ಮ ಮೊಮ್ಮಗ ಅಲ್ಲಿದ್ದಾನೆ ಅಂದರು. ಟೀಚರ್ ಪೂರ್ತಿ ಕೇಳಿಸಿಕೊಂಡರು. ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ಒಬಾಮಾ ಆ ಯುದ್ಧದ ಬಗ್ಗೆ ಮೊದಲಿಂದ ಏನು ಹೇಳುತ್ತಾ ಬಂದರು ಅನ್ನುವುದಷ್ಟನ್ನು ಹೇಳಿದರು. ಹಿಲರಿ ಬಗ್ಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಆ ದಂಪತಿ ಎದ್ದು ಒಬಾಮಾ ಮೂಲೆಗೆ ಹೋದರು, ಹುಡುಗರೂ ಹಿಂದೆ ಹೋದರು. ನನಗೆ ಹೊಟ್ಟೆ ಉರಿಯಿತು. ಆದರೆ ಆಕೆ ಮಾಡಿದ್ದು ಎಷ್ಟು ದೊಡ್ಡ ಕೆಲಸ ಅಂತ ಆಗಲೇ ಅನ್ನಿಸಿತ್ತು.

ಒಬಾಮಾಗೆ ರಾಜ್ಯದಲ್ಲಿ ಸುಮಾರು ಶೇ. 38 ಬಂತು. ಜಾನ್ ಎಡ್ವರ್ಡ್ಸ್ ಮತ್ತು ಹಿಲರಿ ಇಬ್ಬರೂ 30ರ ಹತ್ತಿರ. ಹಿಲರಿ ಕೂದಲೆಳೆಯಲ್ಲಿ ಮೂರನೆಯವರಾದರು. ಆಮೇಲೆ ಐದು ತಿಂಗಳು ನಡೆದ ಜಗಳ ನಿಮಗೆಲ್ಲ ನೆನಪಿರಬಹುದು. ಹಿಲರಿ ಬಿಡಬೇಕು ಅಂತ ಮಾರ್ಚ್‌ನಿಂದಲೇ ಟಿವಿಯಲ್ಲಿ ದಿನಾ ಹೇಳುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ನಮ್ಮಂಥವರು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆವು. ಒಬ್ಬ ಹೆಂಗಸು ಅಷ್ಟು ದೂರ ಬಂದಿದ್ದೇ ಮೊದಲು. ಅವಳನ್ನು ಬಾಗಿಲ ಕಡೆ ತಳ್ಳುತ್ತಿದ್ದಾರೆ ಅನ್ನಿಸುತ್ತಿತ್ತು.

ಜೂನ್ 3ಕ್ಕೆ ಕೊನೆಯ ಪ್ರೈಮರಿಗಳು ಮುಗಿದವು, ಒಬಾಮಾಗೆ ಬೇಕಾದಷ್ಟು ಡೆಲಿಗೇಟುಗಳು (ಪಕ್ಷದ ಸಮಾವೇಶದಲ್ಲಿ ವೋಟು ಹಾಕುವ ಪ್ರತಿನಿಧಿಗಳು) ಸಿಕ್ಕರು. ಹಿಲರಿ ಅವತ್ತೇ ಸೋಲು ಒಪ್ಪಲಿಲ್ಲ. ಜೂನ್ 7ಕ್ಕೆ ವಾಷಿಂಗ್ಟನ್ನಿನ ನ್ಯಾಷನಲ್ ಬಿಲ್ಡಿಂಗ್ ಮ್ಯೂಸಿಯಂನಲ್ಲಿ ಮಾತಾಡಿದರು. ಹೆಂಗಸರನ್ನು ಮೇಲೇರಲು ಬಿಡದ ಆ ಗಾಜಿನ ಚಾವಣಿ ಒಡೆಯಲಿಲ್ಲ, ಆದರೆ ಅದರಲ್ಲಿ 1 ಕೋಟಿ 80 ಲಕ್ಷ ಬಿರುಕು ಬಿಟ್ಟಿದೆ ಅಂದರು. ಅವರಿಗೆ ಬಿದ್ದ ವೋಟುಗಳ ಲೆಕ್ಕ ಅದು. ಅದರಲ್ಲಿ ನನ್ನದೂ ಒಂದು ಅಂತ ಟಿವಿ ಮುಂದೆ ಕೂತು ಅತ್ತೆ. ನಡುವಿನ ಆ ನಾಲ್ಕು ದಿನದ ಬಗ್ಗೆ ಎಷ್ಟೋ ಜನ ಬೈದರು. ನನ್ನ ಪ್ರಕಾರ ಆ ನಾಲ್ಕು ದಿನ ಬೇಕಾಗಿತ್ತು. ಸೋತವರಿಗೆ ಸ್ವಲ್ಪ ಹೊತ್ತು ಕೊಡಬೇಕು. ಮಾರನೇ ಬೆಳಿಗ್ಗೆಯೇ “ಬನ್ನಿ, ಒಟ್ಟಾಗೋಣ” ಅಂದರೆ, ಮುಖ ತೊಳೆಯುವುದಕ್ಕೂ ಬಿಡದೆ ಮದುವೆ ಮನೆಗೆ ಎಳೆದುಕೊಂಡು ಹೋದ ಹಾಗೆ.

ಪಕ್ಕದ ಮನೆ ಟೀಚರ್ ಅವತ್ತು ಫೋನ್ ಮಾಡಲಿಲ್ಲ. ಆ ವಾರ ರಾಜಕೀಯ ಎತ್ತಲಿಲ್ಲ. ತಮ್ಮ ಅಂಗಳದ ಬೋರ್ಡ್ ಮಾತ್ರ ತೆಗೆದು ಗ್ಯಾರೇಜಿನಲ್ಲಿಟ್ಟರು. ನನ್ನದು ಇನ್ನೂ ನೆಟ್ಟಿತ್ತು. ಯಾಕೆ ತೆಗೆದಿರಿ ಅಂತ ನಾನೇ ಕೇಳಿದೆ. “ನಿನ್ನದು ನೀನು ತೆಗೆದಾಗ, ಇಬ್ಬರೂ ಒಂದೇ ಹೊಸ ಬೋರ್ಡ್ ಹಾಕೋಣ” ಅಂದರು. ಯಾವಾಗ ತೆಗೆಯುತ್ತೀಯ ಅಂತ ಕೇಳಲಿಲ್ಲ.

ದೊಡ್ಡವರ ಮಟ್ಟದಲ್ಲೂ ಆದದ್ದು ಇದೇ. ಜೂನ್ 27ಕ್ಕೆ ಇಬ್ಬರೂ ನ್ಯೂಹ್ಯಾಂಪ್‌ಶೈರ್‌ನ ಯೂನಿಟಿ ಅನ್ನುವ ಸಣ್ಣ ಊರಲ್ಲಿ ಮೊದಲ ಸಲ ಒಟ್ಟಿಗೆ ಸಭೆ ಮಾಡಿದರು. ಆ ಊರಲ್ಲಿ ಪ್ರೈಮರಿಯಲ್ಲಿ ಇಬ್ಬರಿಗೂ ಸರಿಯಾಗಿ 107 ವೋಟು ಬಿದ್ದಿತ್ತು. ಆಮೇಲೆ ಆಗಸ್ಟಿನಲ್ಲಿ, ಅಭ್ಯರ್ಥಿಯನ್ನು ಅಧಿಕೃತವಾಗಿ ಆರಿಸುವ ಪಕ್ಷದ ಡೆನ್ವರ್ ಸಮಾವೇಶ. ಒಬಾಮಾ ಕಡೆಯವರು ಹಿಲರಿ ಹೆಸರನ್ನೂ ಅಧಿಕೃತವಾಗಿ ಸೂಚಿಸುವುದಕ್ಕೆ ಒಪ್ಪಿದರು. ಗೆದ್ದಾಗಿತ್ತಲ್ಲ, ಬೇಡ ಅನ್ನಬಹುದಿತ್ತು. ಒಂದೊಂದೇ ರಾಜ್ಯ ಎದ್ದು ಯಾರಿಗೆ ಎಷ್ಟು ಅಂತ ಹೇಳುತ್ತಾ ಬಂತು, ಹಿಲರಿಗೆ ಬಿದ್ದ ವೋಟುಗಳೂ ಜೋರಾಗಿ ಕೇಳಿದವು. ನ್ಯೂಯಾರ್ಕ್ ಸರದಿ ಬಂದಾಗ ಸ್ವತಃ ಹಿಲರಿಯೇ ಡೆಲಿಗೇಟುಗಳ ನಡುವೆ ನಿಂತು, ಎಣಿಕೆ ಇಲ್ಲಿಗೇ ನಿಲ್ಲಿಸಿ ಒಬಾಮಾರನ್ನು ಒಕ್ಕೊರಲಿನಿಂದ ಆರಿಸೋಣ ಅಂದರು. ನಮ್ಮ ವೋಟು ಮೊದಲು ಕೇಳಿಸಿತು, ಆಮೇಲೆ ನಾವೇ ಬಿಟ್ಟುಕೊಟ್ಟೆವು. ಕಿತ್ತುಕೊಂಡಿದ್ದರೆ ಕಥೆಯೇ ಬೇರೆಯಾಗುತ್ತಿತ್ತು.

ಸೆಪ್ಟೆಂಬರಿನಲ್ಲಿ ಟೀಚರ್ ಒಂದು ಹಾಳೆ ಹಿಡಿದುಕೊಂಡು ಬಂದರು. ನಮ್ಮ ಪ್ರಿಸಿಂಕ್ಟಿನಲ್ಲಿ ಹಿಲರಿ ಮೂಲೆಯಲ್ಲಿ ನಿಂತಿದ್ದವರ ಹೆಸರುಗಳು. “ಇವರು ನನ್ನ ಮಾತು ಕೇಳಲ್ಲ, ಕೇಳಬೇಕಾಗಿಯೂ ಇಲ್ಲ. ನಿನ್ನ ಮಾತು ಕೇಳುತ್ತಾರೆ. ಏನು ಹೇಳಬೇಕು ಅಂತ ನಾನು ಹೇಳಿಕೊಡಲ್ಲ, ನಿನಗೆ ಸರಿ ಅನ್ನಿಸಿದ್ದು ಹೇಳು” ಅಂದರು. ನಾನು ಆರೋಗ್ಯ ವಿಮೆಯ ವಿಷಯ ಹೇಳಿದೆ, ಹಿಲರಿ ಪರ ನಿಂತಾಗ ಏನು ಹೇಳುತ್ತಿದ್ದೆನೋ ಅದನ್ನೇ. ನನ್ನ ಮಾತು ನನ್ನದಾಗಿಯೇ ಉಳಿಯಿತು. ಅಂಗಳದ ಬೋರ್ಡನ್ನೂ ಆಗಲೇ ಬದಲಾಯಿಸಿದೆವು. ನವೆಂಬರ್‌ನಲ್ಲಿ ಅಯೋವಾ ಒಬಾಮಾಗೆ ಹೋಯಿತು.

ಆದ್ದರಿಂದ ತಂಗಿ, ನನ್ನ ಉತ್ತರ ಇಷ್ಟು. ಅಕ್ಕನ ಹತ್ತಿರ ಹೋಗಿ ಬರಾಕಾ ಬಗ್ಗೆಯೇ ಮಾತಾಡಿ. ಯಾವ ಮನೆಗಳಿಗೆ ಹೋದಿರಿ, ಜನ ಏನು ಹೇಳಿದರು ಅಂತ ಕೇಳಿ. ಸುಮ್ಮನೆ ಕೇಳಿಸಿಕೊಳ್ಳಿ. ಶೆರಿಲ್‌ಗೆ ಕೆಲಸ ಮಾಡಿ ಅಂತ ಈಗಲೇ ಕೇಳಬೇಡಿ. ಆ ಎಮೋಜಿ ಹಾಕಿದವರಿಗೆ ಗ್ರೂಪಿನಲ್ಲೇ, ಎಲ್ಲರ ಎದುರಿಗೇ, ಅದು ತಪ್ಪು ಅಂತ ಹೇಳಿ. ಅಕ್ಕ ಅಲ್ಲಿಲ್ಲದಿದ್ದರೂ ಹೇಳಿ. ಅವರ ಪರವಾಗಿ ಗೆದ್ದ ಕಡೆಯವರೊಬ್ಬರು ಎದ್ದು ಮಾತಾಡಿದರು ಅನ್ನುವುದು ಅವರ ಕಿವಿಗೆ ಬಿದ್ದೇ ಬೀಳುತ್ತೆ.

ಸಿಯಾಟಲ್ ಸಂಜೆ

ಅಯೋವಾ ಅಕ್ಕನವರ ಮಾತು ಮನಸ್ಸಿಗೆ ತಟ್ಟಿತು. ಆದರೆ ಇನ್ನೊಂದು ಮುಖವನ್ನೂ ಹೇಳಲೇಬೇಕು. ನಾನು 2016ರಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಆಯ್ಕೆಯಲ್ಲಿ ಹಿಲರಿ ಎದುರು ನಿಂತಿದ್ದ ಬರ್ನಿ ಸ್ಯಾಂಡರ್ಸ್ ಪರ. ನಮ್ಮ ವಾಷಿಂಗ್ಟನ್ ರಾಜ್ಯದ ಕಾಕಸ್‌ನಲ್ಲಿ ಅವರಿಗೆ ಶೇ. 70ಕ್ಕೂ ಜಾಸ್ತಿ ಬಂತು. ಆದರೆ ಸೂಪರ್ ಡೆಲಿಗೇಟುಗಳು ಅಂತ ಇದ್ದರು, ಪಕ್ಷದ ಮುಖಂಡರು, ಚುನಾಯಿತರು. ಜನ ಯಾರಿಗೆ ಹಾಕಿದರೂ ಅವರು ತಮಗೆ ಬೇಕಾದವರಿಗೆ ವೋಟು ಹಾಕಬಹುದಿತ್ತು. ಬಹುಪಾಲು ಹಿಲರಿ ಕಡೆ ಇದ್ದರು. ಆಮೇಲೆ ಫಿಲಡೆಲ್ಫಿಯಾ ಸಮಾವೇಶಕ್ಕೆ ಮೂರು ದಿನ ಮುಂಚೆ ಪಕ್ಷದ ಕಚೇರಿಯ ಇಮೇಲ್‌ಗಳು ಹೊರಬಿದ್ದವು. ಬರ್ನಿ ಬಗ್ಗೆ ಒಳಗೊಳಗೇ ಏನು ಮಾತಾಡುತ್ತಿದ್ದರು ಅಂತ ಎಲ್ಲರಿಗೂ ಕಂಡಿತು. ಪಕ್ಷದ ಅಧ್ಯಕ್ಷೆ ರಾಜೀನಾಮೆ ಕೊಡಬೇಕಾಯಿತು.

ಅಂಥ ಹೊತ್ತಲ್ಲಿ ನಮಗೆ ಎಲ್ಲರೂ ಹೇಳಿದ್ದು ಒಂದೇ ಮಾತು: “ದೊಡ್ಡ ಮನಸ್ಸು ಮಾಡಿ.” ಸಿಟ್ಟು ಬರುವುದಿಲ್ಲವೇ? ದೊಡ್ಡ ಮನಸ್ಸನ್ನು ಸೋತವರಿಂದ ಮಾತ್ರ ಕೇಳಿದರೆ ಅದು ಬಾಯಿ ಮುಚ್ಚಿಸುವ ಉಪಾಯವಾಗುತ್ತೆ. ಬರ್ನಿ ಸಮಾವೇಶದಲ್ಲಿ ತಾವೇ ಎದ್ದು, ಹಿಲರಿಯನ್ನು ಅಭ್ಯರ್ಥಿ ಮಾಡೋಣ ಅಂತ ಸೂಚಿಸಿದರು. 2008ರಲ್ಲಿ ಹಿಲರಿ ಮಾಡಿದ್ದನ್ನೇ ಅವರೂ ಮಾಡಿದರು. ಅದಕ್ಕೆ ಅವರ ಮೇಲೆ ನನಗೆ ಗೌರವ ಇನ್ನೂ ಹೆಚ್ಚಾಯಿತು. ಆದರೆ ನನ್ನ ಸಿಟ್ಟು ಅವತ್ತು ಇಳಿಯಲಿಲ್ಲ.

ಇಳಿದದ್ದು ಯಾವಾಗ ಗೊತ್ತಾ? 2018ರಲ್ಲಿ ಪಕ್ಷ ನಿಯಮವನ್ನೇ ಬದಲಾಯಿಸಿತು. ಪೈಪೋಟಿ ಇರುವ ಸಮಾವೇಶದಲ್ಲಿ ಸೂಪರ್ ಡೆಲಿಗೇಟುಗಳು ಮೊದಲ ಸುತ್ತಿನಲ್ಲಿ ವೋಟು ಹಾಕುವಂತಿಲ್ಲ ಅಂತಾಯಿತು. ನಾವು ಹೇಳಿದ್ದರಲ್ಲಿ ಹುರುಳಿತ್ತು ಅಂತ ಒಪ್ಪಿದ ಹಾಗಾಯಿತು. ಸಿಹಿ ಮಾತಿಗಿಂತ ಅದು ನೂರು ಪಾಲು ಮೇಲು. ಎಡಿಸನ್ ಅಕ್ಕ, ನಿಮ್ಮ ಗೆಳತಿಗೂ ಕೇಳಿ: ಬರಾಕಾ ಹೇಳಿದ್ದರಲ್ಲಿ ಯಾವುದು ಶೆರಿಲ್ ಬಾಯಲ್ಲಿ ಬಂದರೆ ನಿಮಗೆ ಸಮಾಧಾನ? ಅದನ್ನು ಶೆರಿಲ್ ಅವರ ಪ್ರಚಾರದವರಿಗೆ ಮುಟ್ಟಿಸಿ. ನೀವು ಒಳಗಿನವರು, ನಿಮ್ಮ ಮಾತು ಅವರು ಕೇಳುತ್ತಾರೆ.

ಕ್ವೀನ್ಸ್ ಕನ್ನಡಿಗ

ನಿಮ್ಮ ನದಿಯ ಈಚೆ ದಡದ ಸುದ್ದಿ. ನ್ಯೂಯಾರ್ಕ್ ಮೇಯರ್ ಪ್ರೈಮರಿ ಜೂನ್ 24ಕ್ಕೆ ಆಯಿತಲ್ಲ. ಇಲ್ಲಿ ಬ್ಯಾಲೆಟ್‌ನಲ್ಲಿ ಐದು ಜನರನ್ನು ಕ್ರಮವಾಗಿ ಗುರುತಿಸಬಹುದು, ಮೊದಲ ಆಯ್ಕೆ, ಎರಡನೆಯದು, ಹೀಗೆ. ನಿಮ್ಮ ಮೊದಲನೆಯವರು ಹೊರಬಿದ್ದರೆ ವೋಟು ಎರಡನೆಯವರಿಗೆ ಹೋಗುತ್ತೆ. ಹಾಗಾಗಿ ಎದುರಾಳಿಯ ಬೆಂಬಲಿಗರನ್ನು ಬೈದರೆ ನಷ್ಟ ನಮಗೇ.

ಜೊಹ್ರಾನ್ ಮಮ್ದಾನಿ ಮತ್ತು ಬ್ರ್ಯಾಡ್ ಲ್ಯಾಂಡರ್ ಇಬ್ಬರೂ ಪೈಪೋಟಿಯಲ್ಲಿದ್ದರು. ಆದರೂ ಚುನಾವಣೆಗೆ ಹನ್ನೊಂದು ದಿನ ಮುಂಚೆ, “ನನ್ನನ್ನು ಮೊದಲು ಹಾಕಿ, ಅವರನ್ನು ಎರಡನೆಯದು ಹಾಕಿ” ಅಂತ ಒಬ್ಬರಿಗೊಬ್ಬರು ಬೆಂಬಲ ಘೋಷಿಸಿದರು. ಒಬ್ಬರು ಮುಸ್ಲಿಂ, ಒಬ್ಬರು ಯಹೂದಿ. ಈ ಊರಲ್ಲಿ ಈ ಕಾಲದಲ್ಲಿ ಅದು ಸಣ್ಣ ವಿಷಯವಲ್ಲ. ನಾನು ಲ್ಯಾಂಡರ್ ಕರಪತ್ರ ಹಂಚುತ್ತಿದ್ದೆ, ಜಾಕ್ಸನ್ ಹೈಟ್ಸ್ ಸ್ಟೇಷನ್ ಮೆಟ್ಟಿಲ ಹತ್ತಿರ. ಎದುರಿಗೆ ಮಮ್ದಾನಿ ಹುಡುಗರು. ಅವತ್ತಿನಿಂದ ಅವರು ನಮ್ಮ ಕಾಗದವನ್ನೂ ಕೊಟ್ಟರು, ನಾವು ಅವರದ್ದನ್ನೂ. ನನ್ನ ಅಭ್ಯರ್ಥಿ ಮೂರನೆಯವರಾದರು. ನನಗೆ ಸೋತ ಹಾಗೆ ಅನ್ನಿಸಲೇ ಇಲ್ಲ.

ನಿಯಮ ಹೇಗಿರುತ್ತೋ ನಡತೆಯೂ ಸ್ವಲ್ಪ ಹಾಗೇ ಆಗುತ್ತೆ ಅನ್ನುವುದಕ್ಕೆ ಇದನ್ನು ಹೇಳಿದೆ.

ಕುಡ್ಲದಿಂದ

ನಾನು ಊರಿನಿಂದಲೇ ಬರೆಯುತ್ತಿರುವುದು. ನಮ್ಮಲ್ಲೂ ಒಮ್ಮೆ ಪ್ರೈಮರಿ ನಡೆದಿತ್ತು ಅಂದರೆ ನಂಬುತ್ತೀರಾ? 2014ರ ಲೋಕಸಭಾ ಚುನಾವಣೆಗೆ ಕಾಂಗ್ರೆಸ್ ಪ್ರಯೋಗ ಅಂತ ಕೆಲವೇ ಕ್ಷೇತ್ರಗಳಲ್ಲಿ ಮಾಡಿತು. ಕರ್ನಾಟಕದಲ್ಲಿ ಎರಡು: ಬೆಂಗಳೂರು ಉತ್ತರ ಮತ್ತು ನಮ್ಮ ದಕ್ಷಿಣ ಕನ್ನಡ. ವೋಟು ಹಾಕಿದ್ದು ಸಾಮಾನ್ಯ ಜನ ಅಲ್ಲ, ಪಕ್ಷದ ಪದಾಧಿಕಾರಿಗಳು ಮತ್ತು ಚುನಾಯಿತರು. ನಮ್ಮಲ್ಲಿ ಜನಾರ್ದನ ಪೂಜಾರಿ ಅವರಿಗೆ ಟಿಕೆಟ್ ಸಿಕ್ಕಿತು. ಚುನಾವಣೆಯಲ್ಲಿ ಎರಡೂ ಕಡೆ ಕಾಂಗ್ರೆಸ್ ಸೋತಿತು, ಆ ಪ್ರಯೋಗ ಅಲ್ಲಿಗೇ ನಿಂತಿತು.

ಈ ಥ್ರೆಡ್ ಓದುವಾಗ ನನಗೆ ಕಾಡಿದ್ದು ಇದು. ಟಿಕೆಟ್ ತಪ್ಪಿದವರ ಬೆಂಬಲಿಗರಿಗೆ ನಮ್ಮಲ್ಲಿ ಇರುವ ದಾರಿ ಎರಡೇ. ಒಂದು ಬಂಡಾಯ, ಇನ್ನೊಂದು ಪಕ್ಷಾಂತರ. 2023ರಲ್ಲಿ ಬಿಜೆಪಿ ಟಿಕೆಟ್ ಸಿಗದೆ ಮಾಜಿ ಮುಖ್ಯಮಂತ್ರಿ ಜಗದೀಶ ಶೆಟ್ಟರ್ ಅವರೇ ಕಾಂಗ್ರೆಸ್ಸಿಗೆ ಹೋದರು, ಮುಂದಿನ ವರ್ಷ ವಾಪಸ್ ಬಂದರು. ಯಾರು ಎಷ್ಟು ವೋಟಿನಿಂದ ಸೋತರು ಅಂತ ಕಣ್ಣಿಗೆ ಕಂಡರೆ ತಾನೇ ಸೋಲು ಒಪ್ಪುವುದು? ಬಾಗಿಲು ಮುಚ್ಚಿದ ಕೋಣೆಯಲ್ಲಿ ತೀರ್ಮಾನವಾದರೆ ಏನನ್ನು ಒಪ್ಪುವುದು? ಅಯೋವಾದ ಆ ಊಟದ ಹಾಲಿನಲ್ಲಿ ಟೀಚರ್ ಹಾಗೆ ನಡೆದುಕೊಳ್ಳಲು ಆಗಿದ್ದು, ಎಣಿಕೆ ಎಲ್ಲರ ಕಣ್ಣೆದುರು ನಡೆದದ್ದರಿಂದ ಅಂತ ನನಗನ್ನಿಸುತ್ತದೆ. ನಮ್ಮ ಕಾರ್ಯಕರ್ತರಿಗೂ ಅಂಥದ್ದೊಂದು ಹಾಲ್ ಸಿಗಬೇಕು ಅಂತ ನನಗೆ ತುಂಬಾ ಆಸೆ.

ಅಯೋವಾ ಅಕ್ಕ

ಸಿಯಾಟಲ್‌ನವರು ಹೇಳಿದ್ದು ನೂರಕ್ಕೆ ನೂರು ಸರಿ. ಸೌಜನ್ಯ ಅಂದರೆ ಸುಮ್ಮನಿರುವುದು ಅಲ್ಲ. ಗೆದ್ದವರು ಏನಾದರೂ ಬಿಟ್ಟುಕೊಡಬೇಕು.

ಇನ್ನೊಂದು ಸೇರಿಸುತ್ತೇನೆ. 2020ರ ಫೆಬ್ರವರಿಯ ಕಾಕಸ್‌ನಲ್ಲಿ ನಾನು ಏಮಿ ಕ್ಲೋಬುಚಾರ್ ಮೂಲೆಯಲ್ಲಿ ನಿಂತೆ, ಪಕ್ಕದ ಮಿನ್ನೆಸೋಟಾದ ಸೆನೆಟರ್. ಮೊದಲ ಎಣಿಕೆಯಲ್ಲೇ ನಾವು ಶೇ. 15 ಮುಟ್ಟಲಿಲ್ಲ. ಹಾಗಾಗಿ ಈ ಸಲ ನಾನೇ ಅನಾಥರ ಗುಂಪಿನಲ್ಲಿದ್ದೆ. ಎಲ್ಲ ಕಡೆಯವರೂ ಬಂದು ಮುತ್ತಿಕೊಂಡರು. ಎಲಿಜಬೆತ್ ವಾರನ್ ಕಡೆಯ ಒಬ್ಬಳು ಹುಡುಗಿ ಮಾತ್ರ ಸ್ವಲ್ಪ ದೂರದಲ್ಲೇ ನಿಂತು, “ನಿಮ್ಮವರು ಚೆನ್ನಾಗಿ ಹೋರಾಡಿದರು, ಬೇಜಾರಾಗುತ್ತೆ ಅಂತ ಗೊತ್ತು. ಯೋಚನೆ ಮಾಡಿ, ಏನಾದರೂ ಕೇಳಬೇಕು ಅನ್ನಿಸಿದರೆ ನಾನು ಇಲ್ಲೇ ಇರುತ್ತೇನೆ” ಅಂದಳು. ನಾನು ಅವಳ ಮೂಲೆಗೆ ಹೋದೆ.

ಆ ರಾತ್ರಿ ಫಲಿತಾಂಶ ಕಳಿಸುವ ಆ್ಯಪ್ ಕೈಕೊಟ್ಟಿತು, ದೇಶವೆಲ್ಲ ನಮ್ಮನ್ನು ನೋಡಿ ನಕ್ಕಿತು. ಆಮೇಲೆ ಡೆಮಾಕ್ರಟರ ಸಾಲಿನಲ್ಲಿ ಮೊದಲ ರಾಜ್ಯ ಅನ್ನುವ ಸ್ಥಾನವನ್ನೂ ಅಯೋವಾ ಕಳೆದುಕೊಂಡಿತು. 2024ರಲ್ಲಿ ನಾವು ಅಧ್ಯಕ್ಷರ ಆಯ್ಕೆಗೆ ಅಂಚೆಯಲ್ಲಿ ಕಾರ್ಡ್ ಕಳಿಸಿದೆವು. ನಡೆಯಲಾಗದವರಿಗೆ, ರಾತ್ರಿ ಪಾಳಿಯವರಿಗೆ ಅದೇ ಒಳ್ಳೆಯದು, ಒಪ್ಪುತ್ತೇನೆ. ಆದರೆ ಎದುರಾಳಿಯ ಪಕ್ಕ ಪುಟ್ಟ ಸ್ಟೂಲಿನಲ್ಲಿ ಕೂತು ಮಾತಾಡುವ ಆ ಅರ್ಧ ಗಂಟೆ ಹೋಯಿತಲ್ಲ, ಅದಕ್ಕೆ ನನಗೆ ನಿಜವಾಗಿಯೂ ದುಃಖವಿದೆ.

ಎಡಿಸನ್ ಕನ್ನಡತಿ

ಎಲ್ಲರಿಗೂ ತುಂಬಾ ಧನ್ಯವಾದ. ಗ್ರೂಪಿನಲ್ಲಿ ಆ ಮೆಸೇಜ್ ಬಗ್ಗೆ ಬರೆದೆ, ಖಾರವಾಗಿಯೇ ಬರೆದೆ. ಇನ್ನೂ ಇಬ್ಬರು ನನ್ನ ಜೊತೆ ದನಿ ಸೇರಿಸಿದರು. ಹಾಕಿದವರು ಅಳಿಸಿದ್ದಾರೆ.

ನಿನ್ನೆ ಸಂಜೆ ಅಕ್ಕನ ಮನೆಗೆ ಹೋಗಿದ್ದೆ. ಯಾವ ಬೀದಿಗಳಿಗೆ ಹೋಗಿದ್ದಿರಿ ಅಂತ ಕೇಳಿದೆ, ಅಷ್ಟೇ. ಎರಡು ಗಂಟೆ ಮಾತಾಡಿದರು. ಬಾಡಿಗೆ ಏರಿದ್ದಕ್ಕೆ ಮನೆ ಬಿಡಬೇಕಾದ ಒಂದು ಕುಟುಂಬದ ಕಥೆ ಹೇಳಿದರು. ಬಾಗಿಲು ತಟ್ಟಿದರೆ ಪೊಲೀಸರೇನೋ ಅಂತ ಹೆದರಿ ದೀಪ ಆರಿಸಿದ ಮನೆಗಳ ಕಥೆ ಹೇಳಿದರು. ನಾನು ಇಷ್ಟು ದಿನ ಈ ಮನೆಗಳನ್ನು ನೋಡಿಯೇ ಇರಲಿಲ್ಲ, ನನ್ನ ಪಟ್ಟಿಯಲ್ಲಿ ಇವು ಇರಲಿಲ್ಲ.

ಗ್ರೂಪಿಗೆ ವಾಪಸ್ ಬರುವುದಿಲ್ಲ ಅಂದರು. ಇರಲಿ. ಹೊರಡುವಾಗ ಅವರೇ ಹೇಳಿದ್ದು: “ಬಾಡಿಗೆ ವಿಷಯದಲ್ಲಿ, ವಲಸಿಗರ ವಿಷಯದಲ್ಲಿ ನಿಮ್ಮ ಶೆರಿಲ್ ಏನು ಮಾಡುತ್ತಾರೆ ಅಂತ ಸ್ಪಷ್ಟವಾಗಿ ಕೇಳಿಕೊಂಡು ಬಾ. ಬಾಯಿಮಾತು ಬೇಡ, ಬರೆದದ್ದು ತಗೊಂಡು ಬಾ. ಆಮೇಲೆ ನೋಡೋಣ.” ಶನಿವಾರ ಸ್ವಯಂಸೇವಕರ ಸಭೆ ಇದೆ. ಅಕ್ಕ ಹೇಳಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೇನೆ, ಮೊದಲ ಪ್ರಶ್ನೆ ನನ್ನದೇ.